ಮೇಡಂ ಕಡೆಯವರು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಅಲ್ಲಾಳಸಂದ್ರದ ಆ ಮನೆಯ ಹಿಂದೆ ಒಲೆ ಹೂಡಿದ್ದರು. ಒಂದು ಕಾಲಕ್ಕೆ ಹಿತ್ತಲಾಗಿದ್ದು ಈಗ ಬಾಡಿಗೆದಾರರ ಕಾರು ನಿಲ್ಲುವ ಜಾಗ. ಕಾರುಗಳನ್ನೆಲ್ಲ ರಸ್ತೆಗೆ ಕಳಿಸಿ, ಸಿಮೆಂಟಿನ ಮೇಲೆ ಮೂರು ಇಟ್ಟಿಗೆ ಇಟ್ಟು, ನಾರಾಯಣಮ್ಮ ಕಜ್ಜಾಯ ಕರಿಯಲು ಕೂತಿದ್ದಳು. ಗ್ಯಾಸಿನ ಒಲೆಯಲ್ಲಿ ಬೇಯಿಸಿದ್ದನ್ನು ಹಿರಿಯರು ಮುಟ್ಟುವುದಿಲ್ಲ ಎಂಬುದು ಅವಳ ನಂಬಿಕೆ. ಸತ್ತವರ ನಾಲಿಗೆಯ ರುಚಿ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಎದುರು ಮಾತಿಲ್ಲ.

ನಡುಮನೆಯಲ್ಲಿ ಅವಳ ತಮ್ಮ ವೇಣುಗೋಪಾಲ್ ಗೋಡೆಯ ಪಕ್ಕಕ್ಕೆ ಬಾಳೆ ಎಲೆ ಹಾಸುತ್ತಿದ್ದ. ಅಪ್ಪ ಮುನಿಯಣ್ಣನಿಗೆ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬ್ರಾಂದಿ ಸೀಸೆ. ಅಮ್ಮನಿಗೆ ಎಲೆಅಡಿಕೆ, ಹೊಗೆಸೊಪ್ಪು. ಹೆಂಡತಿ ಸುಮಾಳಿಗೆ ಹಸಿರು ಸೀರೆ, ಮಲ್ಲಿಗೆ. ಅವಳು ಹೋಗಿ ಎಷ್ಟೋ ವರ್ಷವಾಗಿತ್ತು. ಎಡೆಗೆ ಹಸಿರು ಸೀರೆ ತಪ್ಪಿರಲಿಲ್ಲ. ಎಲೆಗಳ ಸಾಲು ಕಿಟಕಿಯ ತನಕ ಹೋಗಿ ನಿಂತಿತು. ಕಿಟಕಿಯ ಕೆಳಗೆ ಇನ್ನೂ ಒಂದು ಎಲೆಗೆ ಜಾಗ ಇತ್ತು. ವೇಣುಗೋಪಾಲ್ ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಒಲೆಯ ಹತ್ತಿರ ಬಂದು ನಿಂತ.

"ಅಕ್ಕಾ, ಇನ್ನೊಂದು ಎಲೆ ಹಾಕ್ಲಾ?"

"ಯಾರ್ಗೆ?"

"ಮೋನಿಗೆ."

ನಾರಾಯಣಮ್ಮನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು.

"ಎಂಥ ಮಾತಾಡ್ತೀಯ ವೇಣು. ಮದ್ವೆ ಕಾಣ್ದಿರೋ ಎಣ್ ಮಗ ಅದು. ಇರ್ಯರ ಸಾಲಾಗೆ ಎಂಗ್ ಇಕ್ಕಾದು? ಅವ್ಳು ನಿಂಗೆ ಇರ್ಯಳಾ, ನಂಗೆ ಇರ್ಯಳಾ?"

"ಹೋದೋಳಲ್ವಾ ಅಕ್ಕ."

"ಓದೋರೆಲ್ಲ ಇರ್ಯರಾಗಲ್ಲ ಕಣೋ. ಎಳೇರಿಗೆ ಎಡೆ ಇಕ್ಕುದ್ರೆ ಅವು ಮುಂದಿನ ದಾರಿ ಮರ್ತು ಮನೆ ಸುತ್ತಾನೆ ಸುತ್ತುತಾ ಇರ್ತಾವೆ. ಅಮ್ಮ ಏಳ್ತಿರ್ಲಿಲ್ವಾ?"

ಸುತ್ತುತ್ತಾ ಇದ್ದರೆ ಇರಲಿ ಬಿಡು, ನನಗೇನೂ ಅಡ್ಡಿಯಿಲ್ಲ ಎಂಬ ಮಾತು ವೇಣುಗೋಪಾಲನ ಗಂಟಲ ತನಕ ಬಂತು. ಆದರೆ ಎದುರಿಗೆ ಕೂತವಳು ಕಲ್ಲಲ್ಲ. ತಮ್ಮನ ಮಗಳು ಮೋನಿಷಾಳನ್ನು ಮಗುವಾಗಿದ್ದಾಗಿನಿಂದ ಎತ್ತಿ ಮೀಯಿಸಿದ ಕೈ ಅದು. ಮಣಿಕಟ್ಟು ಸೋತ ಮೇಲೂ ಬಿಟ್ಟಿರಲಿಲ್ಲ. ಯುಗಾದಿ ಕಳೆದ ವಾರ ಎದೆಯಲ್ಲಿ ಕಫ ಕಟ್ಟಿ ಮೋನಿಷಾ ಹೋದಾಗ ಬೀದಿಗೆ ಕೇಳುವಂತೆ ಅತ್ತವಳು ಇವಳೊಬ್ಬಳೇ. ವೇಣುಗೋಪಾಲನಿಗೆ ಅಳು ಬಂದಿರಲಿಲ್ಲ. ಈಗಲೂ ಬಂದಿರಲಿಲ್ಲ.

ಅವನು ಮೊಳೆಗೆ ನೇತು ಹಾಕಿದ್ದ ವ್ಯಾನಿನ ಕೀ ತೆಗೆದುಕೊಂಡ.

"ಎಲ್ಗೋ?"

"ಇಲ್ಲೇ, ಹೋಗ್ಬರ್ತೀನಿ."

"ದೀಪ ಹಚ್ಚೋ ಒತ್ಗೆ ಬಂದ್ಬಿಡಪ್ಪ. ಧೂಪ ಆಕೋನು ನೀನೇಯ. ನನ್ ಮಗ ನರೇಂದ್ರ ಆಕುದ್ರೆ ಅಪ್ಪ ಇಸ್ಕಳಲ್ಲ. ಬದ್ಕಿದ್ದಾಗ್ಲೇ ಅವನ ಕೈಲಿ ಒಂದ್ ಲೋಟ ನೀರ್ ಇಸ್ಕೊಂಡ ಮನ್ಷನಲ್ಲ."

ಇಲ್ಲೇ ಎಂದವನು ಹೊರಟಿದ್ದು ಊರಿನ ಇನ್ನೊಂದು ತುದಿಗೆ, ರಾಷ್ಟ್ರೀಯ ಉದ್ಯಾನಕ್ಕೆ.

ಮೋನಿಷಾಳಿಗೆ ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನವಿರಲಿಲ್ಲ, ಮಾತು ಬಂದಿರಲಿಲ್ಲ. ಕತ್ತು ನಿಲ್ಲಲು ದಿಂಬು ಬೇಕು. ಆದರೆ ಕಣ್ಣು ಚುರುಕು, ಕಿವಿ ಅದಕ್ಕಿಂತ ಚುರುಕು. ಬೇಕು ಎಂಬುದಕ್ಕೆ ಒಂದು ದನಿ, ಬೇಡ ಎಂಬುದಕ್ಕೆ ಇನ್ನೊಂದು ದನಿ. ಇಪ್ಪತ್ತಾರು ವರ್ಷ ಆ ಎರಡು ದನಿಗಳಲ್ಲೇ ಅವಳು ಮನೆಯನ್ನು ಆಳಿದಳು. ಆಳಿದ್ದು ಮನೆಯೊಳಗೆ ಮಾತ್ರ. ಹೊರಗೆ ಕಾಲಿಟ್ಟರೆ ಕಥೆ ಬೇರೆ. ಛತ್ರಗಳಲ್ಲಿ ಅವಳ ಗಾಲಿಕುರ್ಚಿಯನ್ನು ಕೈ ತೊಳೆಯುವ ನಲ್ಲಿಯ ಹತ್ತಿರ ನಿಲ್ಲಿಸುತ್ತಿದ್ದರು, ಅಲ್ಲಾದರೆ ಯಾರಿಗೂ ಅಡ್ಡವಿಲ್ಲ ಎಂದು. ಗುಡಿಯ ಮೆಟ್ಟಿಲ ಬುಡದಲ್ಲಿ ಅವಳಿಗೆ ಮಂಗಳಾರತಿ ತಂದುಕೊಡುತ್ತಿದ್ದರು. ಎಲ್ಲಿ ಹೋದರೂ ಜನ ಅವಳನ್ನು ಬಿಟ್ಟು ವೇಣುಗೋಪಾಲನ ಮುಖ ನೋಡಿ, "ಇವರನ್ನ ಏನ್ ಮಾಡೋದು?" ಎಂದು ಕೇಳುತ್ತಿದ್ದರು.

ಉದ್ಯಾನದ ಬಾಗಿಲಲ್ಲಿ ಮಾತ್ರ ಒಂದು ಬೋರ್ಡು ಇತ್ತು. ವಿಶೇಷಚೇತನರಿಗೂ ಅವರೊಡನೆ ಬರುವ ಮನೆಯವರಿಗೂ ಪ್ರವೇಶ ಉಚಿತ. ನಾಲ್ಕು ಮನೆ ಬಾಡಿಗೆ ಬರುವವನಿಗೆ ಉಚಿತದ ಆಸೆ ಏನೂ ಇರಲಿಲ್ಲ. ಅವನನ್ನು ಹಿಡಿದು ನಿಲ್ಲಿಸಿದ್ದು ಮೊದಲ ದಿನ ಗೇಟಿನಲ್ಲಿದ್ದ ಖಾದರ್ ಬಾಷಾ. ದಪ್ಪ ಮೀಸೆಯ ಆ ಗಾರ್ಡು ಇವನ ಕಡೆ ತಿರುಗಿಯೂ ನೋಡದೆ, ಸೊಂಟ ಬಗ್ಗಿಸಿ, ಕುರ್ಚಿಯಲ್ಲಿದ್ದವಳನ್ನೇ ಕೇಳಿದ್ದ:

"ಮೇಡಂ, ಈ ಯಜಮಾನ್ರು ನಿಮ್ ಕಡೆಯವರಾ?"

ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರಾ, ಗಂಡಿನ ಕಡೆಯವರಾ ಎಂದು ಕೇಳುವ ಹಾಗೆ. ಮೋನಿಷಾ ಒಂದು ಗಳಿಗೆ ಅಪ್ಪನನ್ನು ತೂಗಿ ನೋಡಿ, ಬೇಕು ಎಂಬ ದನಿ ತೆಗೆದಳು.

"ಮೇಡಂ ಹೂಂ ಅಂದ್ರು. ಬಿಡ್ರಪ್ಪೋ, ಮೇಡಂ ಕಡೆಯವ್ರನ್ನ ಒಳಗ್ ಬಿಡ್ರಿ!"

ಅಂದು ಅವಳು ನಕ್ಕ ನಗೆಗೆ ಕುರ್ಚಿಯೇ ಅಲುಗಾಡಿತ್ತು. ಆಮೇಲೆ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುವುದು ರೂಢಿಯಾಯಿತು. ಒಮ್ಮೆ ನಾರಾಯಣಮ್ಮ, ನರೇಂದ್ರ, ಅವನ ಹೆಂಡತಿ ಎಲ್ಲರೂ ಬಂದಾಗ, "ಏನ್ ಮೇಡಂ, ದಿಬ್ಬಣಾನೇ ಕಟ್ಕೊಂಡ್ ಬಂದಿದ್ದೀರಾ!" ಎಂದು ಬಾಷಾ ಸಲ್ಯೂಟು ಹೊಡೆದಿದ್ದ. ನಮ್ಮ ಮೋನಿ ದೆಸೆಯಿಂದ ನಾನೂ ಆನೆ ಕಂಡೆ ಎಂದು ನಾರಾಯಣಮ್ಮ ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಳು.

ಅವಳಿಗೆ ಎಡೆಯಿಲ್ಲದ ಈ ದಿನ ಅವನಿಗೆ ನೆನಪಾದದ್ದು ಆ ಬಾಗಿಲು. ಹೋಗಿ, ಎಲ್ಲರ ಹಾಗೆ ಟಿಕೆಟು ತೆಗೆದುಕೊಂಡು, ಆನೆಗಳಿರುವ ಕಡೆ ಒಂದು ಗಳಿಗೆ ಇದ್ದು ಬರುವುದು ಎಂದಷ್ಟೇ ಅಂದುಕೊಂಡಿದ್ದ. ಅಲ್ಲಿ ಯಾರಾದರೂ ಮಗಳೆಲ್ಲಿ ಎಂದು ಕೇಳಿದರೆ ಏನು ಹೇಳುವುದು ಎಂಬುದನ್ನು ಯೋಚಿಸಿರಲಿಲ್ಲ.

ವ್ಯಾನಿನ ಹಿಂದಿನ ಸೀಟುಗಳನ್ನು ಎಂದೋ ಕೀಳಿಸಿ ಹಾಕಿದ್ದ. ಅಲ್ಲಿ ಅವಳ ಗಾಲಿಕುರ್ಚಿ ಇನ್ನೂ ಇತ್ತು. ಇಳಿಸಲು ಯಾರೂ ಹೇಳಿರಲಿಲ್ಲ, ಅವನೂ ಇಳಿಸಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಗಪ್ಪಾಗಿ ನಿಂತವು. ಬ್ರೇಕು ತುಳಿದಾಗ ಹಿಂದೆ ಕುರ್ಚಿ ಕಿಣಿ ಕಿಣಿ ಎಂದಿತು. "ಬಂತು ಬಂತು, ಇನ್ನೇನ್ ಬಂತು" ಎಂದು ವೇಣುಗೋಪಾಲನ ಬಾಯಿ ತಾನಾಗಿ ಹೇಳಿತು.

ಇಂಥ ಕಡೆ ಗಾಡಿ ನಿಂತರೆ ಅವನು ಅವಳಿಗೆ ಪದ್ಯ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಶ್ರಾವಣ ಬಂತೆಂದರೆ ಅಪ್ಪ ಅವನನ್ನು ಯಲಹಂಕದ ಗುಡಿಯ ಪ್ರಾಂಗಣಕ್ಕೆ ಕರೆದೊಯ್ಯುತ್ತಿದ್ದ. ಒಬ್ಬರು ಕಾವ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು. ಅರ್ಥ ಬರುವಷ್ಟರಲ್ಲಿ ಹುಡುಗನಿಗೆ ನಿದ್ದೆ. ಉಳಿದದ್ದು ಪದ್ಯ ಮಾತ್ರ, ಪಂಚೆಗೆ ಹತ್ತಿದ ಉತ್ತರಾಣಿಯ ಹಾಗೆ. ಅರ್ಧಕ್ಕರ್ಧ ಅರ್ಥ ಗೊತ್ತಿಲ್ಲದೆಯೇ ಅವನ್ನು ಮಗಳಿಗೆ ಹಾಡುತ್ತಿದ್ದ. ಅವಳಿಗೂ ಅರ್ಥ ಬೇಕಿರಲಿಲ್ಲ. ಸೆಟೆದ ಅವಳ ಕತ್ತಿನ ನರ ಮೂರನೆಯ ಸಾಲಿನ ಹೊತ್ತಿಗೆ ಸಡಿಲವಾಗುತ್ತಿತ್ತು. ಈಗಲೂ ಬಾಯಿ ತೆರೆದ. ಅರ್ಧ ಸಾಲು ಬಂತು, ನಿಂತಿತು. ಕೇಳುವ ಕಿವಿಯಿಲ್ಲದೆ ಪದ್ಯ ಮುಂದಕ್ಕೆ ಹೋಗಲೊಲ್ಲದು. ಪಕ್ಕದ ಸ್ಕೂಟರಿನವನು ಇವನನ್ನು ವಿಚಿತ್ರವಾಗಿ ನೋಡಿದ. ವೇಣುಗೋಪಾಲ್ ಗಾಜು ಏರಿಸಿಕೊಂಡ.

ಸರ್ಕಾರಿ ರಜೆಯಾದ್ದರಿಂದ ಉದ್ಯಾನದ ಮುಂದೆ ಜನವೋ ಜನ. ಹೊರಗೆ ಎಲ್ಲಾದರೂ ವ್ಯಾನು ನಿಲ್ಲಿಸೋಣವೆಂದು ಅವನು ನಿಧಾನ ಮಾಡಿದ. ಅಷ್ಟರಲ್ಲಿ ದೂರದಿಂದಲೇ ಸೀಟಿ ಕೇಳಿಸಿತು. ಖಾದರ್ ಬಾಷಾ ಪಕ್ಕದ ಗೇಟಿನ ಅಡ್ಡಗಂಬ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗುಂಪನ್ನು ಸರಿಸುತ್ತಿದ್ದ.

"ಬನ್ನಿ ಸಾರ್, ಬನ್ನಿ ಬನ್ನಿ! ಏಯ್, ಆ ಬೈಕ್ ತೆಗ್ಯೋ ಮಾರಾಯ, ಮೇಡಂ ಗಾಡಿ ಬರ್ತಾ ಐತೆ ಕಾಣ್ಸಲ್ವಾ? ಎಷ್ಟ್ ತಿಂಗಳಾಯ್ತು ಸಾರ್! ನಮ್ಮನ್ನ ಮರ್ತೇ ಬಿಟ್ರೇನೋ ಅಂದ್ಕೊಂಡೆ!"

ಹಿಂದೆ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಬ್ರೇಕು ತುಳಿಯಬೇಕಾಗಿತ್ತು. ಇಳಿದು ಹೋಗಿ, ಬಾಷಾ, ವಿಷಯ ಹೀಗೆ ಎಂದು ಹೇಳಬೇಕಾಗಿತ್ತು. ಎತ್ತಿದ ಅಡ್ಡಗಂಬ, ಸರಿದ ಜನ, ನಗುತ್ತ ನಿಂತ ಬಾಷಾ. ಆ ದಾರಿ ತೆರೆದದ್ದು ಅವಳಿಗೆಂದು. ವೇಣುಗೋಪಾಲನ ಕಾಲು ಬ್ರೇಕಿನ ಕಡೆ ಹೋಗಲೇ ಇಲ್ಲ. ವ್ಯಾನು ಒಳಗೆ ಹೋಯಿತು, ಬಾಷಾ ಅದಕ್ಕೊಂದು ಸಲ್ಯೂಟು ಹೊಡೆದ.

ಮರದ ಕೆಳಗೆ ನಿಲ್ಲಿಸಿ ಇಳಿಯುವಷ್ಟರಲ್ಲಿ ಬಾಷಾ ಹಲಗೆ ಎತ್ತಿಕೊಂಡು ಏದುಸಿರು ಬಿಡುತ್ತ ಬಂದಿದ್ದ. ಮೋನಿಷಾಳ ಕುರ್ಚಿ ಸಫಾರಿ ಬಸ್ಸಿಗೆ ಹತ್ತಲೆಂದು ಅವನೇ ಬಡಗಿಯ ಕೈಯಲ್ಲಿ ಮಾಡಿಸಿ, ತನ್ನ ಕೋಣೆಯಲ್ಲಿ ಇಟ್ಟುಕೊಂಡ ಹಲಗೆ ಅದು.

"ಎಲ್ಲಿ, ಇಳ್ಸೋಣ ಮಹಾರಾಣಿನ" ಎನ್ನುತ್ತ ಹಿಂದಿನ ಗಾಜಿಗೆ ಮುಖ ತಂದ. ಖಾಲಿ ಕುರ್ಚಿ ಕಂಡಿತು. ಇವನತ್ತ ತಿರುಗಿದ. "ಎಲ್ ಸಾರ್?"

"ಹಿಂದೆ… ಹಿಂದಿನ ಗಾಡೀಲಿ ಬರ್ತಾ ಇದ್ದಾಳೆ. ನಮ್ಮಕ್ಕನ ಜೊತೆ."

ಮಾತು ಆಡಿದ್ದು ತಾನೇ ಎಂದು ವೇಣುಗೋಪಾಲನಿಗೆ ತಿಳಿದದ್ದು ಆಮೇಲೆ.

"ಓ, ಅತ್ತೆ ಜೊತೆನಾ! ಕಾರಲ್ಲಿ ಏಸಿ ಹಾಕ್ಕೊಂಡ್ ಬರ್ತಾ ಅವ್ರೆ ಅನ್ನಿ. ಕುರ್ಚಿ ಇಲ್ಲಿ, ಮೇಡಂ ಅಲ್ಲಿ. ನೀವೇನ್ ಈಗ ಬರೀ ಲಗೇಜ್ ಗಾಡಿನಾ ಸಾರ್?" ಬಾಷಾ ಹೊಟ್ಟೆ ಹಿಡಿದು ನಕ್ಕ. "ಒಂದ್ ಕೆಲ್ಸ ಮಾಡಿ. ಇವತ್ತು ಜನ ಜಾತ್ರೆ ಆಗೈತೆ. ನೀವ್ ಹೋಗಿ ಬಸ್ಸಲ್ಲಿ ಜಾಗ ಹಿಡೀರಿ. ಅವ್ರು ಬಂದ್ ತಕ್ಷಣ ನಾನೇ ಕರ್ಕೊಂಡ್ ಬರ್ತೀನಿ. ಕುರ್ಚಿ ಬಿಟ್ಟೋಗಿ ಇಲ್ಲೇ."

ಅವನೇ ಕುರ್ಚಿ ಇಳಿಸಿ, ಬಿಡಿಸಿ, ಅಂಗೈಯಿಂದ ಸೀಟಿನ ಧೂಳು ಒರೆಸಿದ. ಅದನ್ನು ತಳ್ಳಿಕೊಂಡು ಹೋಗಿ ಗೇಟಿನ ಪಕ್ಕ ನಿಲ್ಲಿಸಿ, ಹಲಗೆಯನ್ನು ಅದಕ್ಕೆ ಒರಗಿಸಿ, ರಸ್ತೆಯ ಕಡೆ ಮುಖ ಮಾಡಿ ನಿಂತ.

ಬಸ್ಸುಗಳಿದ್ದ ಕಡೆಗೆ ವೇಣುಗೋಪಾಲ್ ನಡೆದ. ದಾರಿಯಲ್ಲಿ ಸೌತೆಕಾಯಿ ಹೆಚ್ಚುತ್ತ ಕೂತಿದ್ದ ಸಬೀರಾ ತಲೆಯೆತ್ತಿದಳು.

"ಮಗಳೆಲ್ಲಣ್ಣಾ?"

"ಬರ್ತಾ ಇದ್ದಾಳಮ್ಮ."

"ಮೊನ್ನೆ ನೆನೆಸ್ಕೊಂಡೆ. ಮಳೆಗಾಲ, ಹುಷಾರು ತಪ್ಪಿತೋ ಏನೋ ಅಂತ. ಚೆನ್ನಾಗಿದ್ದಾಳಲ್ಲ?"

"ಹೂಂ. ಚೆನ್ನಾಗಿದ್ದಾಳೆ."

ಎಷ್ಟು ಸಲೀಸಾಗಿ ಬಂತು ಆ ಮಾತು! ಇಷ್ಟು ತಿಂಗಳು ಅವನು ಬಾಯಲ್ಲಿ ಹೊರಳಿಸಲಾಗದೆ ಒದ್ದಾಡಿದ್ದು ಇದನ್ನೇ ಏನೋ. ಮನೆಯಲ್ಲಿ ಒಂದು ಎಲೆಗೆ ಜಾಗವಿಲ್ಲದವಳು ಇಲ್ಲಿ ಬರುತ್ತಿದ್ದಾಳೆ, ಚೆನ್ನಾಗಿದ್ದಾಳೆ, ಅತ್ತೆಯ ಜೊತೆ ಏಸಿ ಹಾಕಿಕೊಂಡು ಹೆಬ್ಬಾಳ ದಾಟಿದ್ದಾಳೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಸುಳ್ಳು ಎಷ್ಟು ಹೊತ್ತು ನಿಂತೀತು ಎಂದು ಒಳಗೊಂದು ದನಿ ಎಚ್ಚರಿಸುತ್ತಲೇ ಇತ್ತು. ಇರಲಿ, ನಿಂತಷ್ಟು ಹೊತ್ತು ನಿಲ್ಲಲಿ ಎಂದು ಅವನ ಕಾಲುಗಳು ಚುರುಕಾದವು.

ಬಸ್ಸು ಆಗಲೇ ತುಂಬಿತ್ತು. ಮುಂದಿನ ಬಾಗಿಲ ಪಕ್ಕ ಎರಡು ಸೀಟಿನಷ್ಟು ಜಾಗ ಖಾಲಿ, ನೆಲದಲ್ಲಿ ಕುರ್ಚಿಯ ಗಾಲಿಗಳನ್ನು ಕಟ್ಟುವ ಪಟ್ಟಿ. ಅದರ ಪಕ್ಕದ ಸೀಟು ಜೊತೆಗೆ ಬಂದವರದು. ಸಹಾಯಕ ಸಿದ್ದು ಇವನನ್ನು ಕಂಡು ಹಲ್ಲು ಕಿರಿದ.

"ಬನ್ನಿ ಸಾರ್. ಬಾಷಾ ಭಾಯ್ ಫೋನ್ ಮಾಡಿದ್ರು. ಮೇಡಂ ಬರೋವರ್ಗೂ ಬಸ್ ಅಲ್ಲಾಡಲ್ಲ."

ವೇಣುಗೋಪಾಲ್ ತನ್ನ ಎಂದಿನ ಸೀಟಿನಲ್ಲಿ ಕೂತ. ಪಕ್ಕದ ಖಾಲಿ ಜಾಗದ ಮೇಲೆ ತೋಳು ಚಾಚಿದ, ಕುರ್ಚಿಯ ಹಿಡಿ ಹಿಡಿದುಕೊಂಡ ಹಾಗೆ. ಟೋಪಿಯವನೊಬ್ಬ ಹಿಂದಿನಿಂದ ಕೂಗಿದ.

"ರೀ, ಅಷ್ಟ್ ಜಾಗ ಖಾಲಿ ಇದ್ಯಲ್ಲ, ನಮ್ಮನ್ಯಾಕೆ ಇಲ್ಲಿ ಉಪ್ಪಿನಕಾಯಿ ಹಾಕ್ತಿದ್ದೀರಾ?"

"ಅದು ಖಾಲಿ ಅಲ್ಲ ಗುರು. ಮೇಡಂ ಜಾಗ."

"ಯಾವ್ ಮೇಡಮ್ಮು? ಫಾರೆಸ್ಟ್ ಆಫೀಸರಾ?"

"ಅವ್ರಿಗಿಂತ ದೊಡ್ಡೋರು" ಎಂದ ಸಿದ್ದು. ಬಸ್ಸಿನಲ್ಲಿ ನಗು ಎದ್ದಿತು. ಡ್ರೈವರ್ ಚನ್ನು ಎಂಜಿನ್ ಆರಿಸಿ ಬೆನ್ನು ಒರಗಿಸಿದ. ತಾಯಂದಿರು ಮಕ್ಕಳಿಗೆ ಬಿಸ್ಕತ್ತು ಕೊಟ್ಟರು. ಇಡೀ ಬಸ್ಸು ಕಾಯುತ್ತ ಕೂತಿತು.

ವೇಣುಗೋಪಾಲನಿಗೆ ಎದೆ ತುಂಬಿ ಬಂತು. ಬದುಕಿದ್ದಷ್ಟು ದಿನ ಅವಳೇ ಎಲ್ಲರನ್ನೂ ತಡ ಮಾಡಿಸಿದವಳು. ಅವಳಿಂದ ಮುಹೂರ್ತ ತಪ್ಪಿತು, ಅವಳಿಂದ ಬಸ್ಸು ತಪ್ಪಿತು. ಅವಳಿಗಾಗಿ ಇಷ್ಟು ಜನ ಗೊಣಗುತ್ತಲೋ ನಗುತ್ತಲೋ ಹೀಗೆ ಕಾದದ್ದು ಎಂದೂ ಇರಲಿಲ್ಲ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಬಾಷಾ ಹುಬ್ಬಿನ ಮೇಲೆ ಕೈಯಿಟ್ಟುಕೊಂಡು ರಸ್ತೆಯ ತುದಿಯನ್ನು ನೋಡುತ್ತಿದ್ದ. ಒಂದೊಂದು ಕಾರು ತಿರುಗಿದಾಗಲೂ ಹಲಗೆಗೆ ಕೈ ಹಾಕುತ್ತಿದ್ದ. ಕಾರು ಮುಂದೆ ಹೋದ ಮೇಲೆ ಬಿಡುತ್ತಿದ್ದ.

ಆಗ ಬಾಗಿಲ ಬಳಿ ಒಂದು ಗಾಲಿಕುರ್ಚಿ ಬಂದು ನಿಂತಿತು. ಅದರಲ್ಲಿ ಇಪ್ಪತ್ತು ದಾಟಿದ ಹುಡುಗಿ, ಮಡಿಲಲ್ಲಿ ನೀರಿನ ಬಾಟಲು. ತಳ್ಳುತ್ತಿದ್ದವನು ಬೆವರಿ ತೊಪ್ಪೆಯಾಗಿದ್ದ.

"ಅಣ್ಣಾ, ಇದ್ರಲ್ಲಾದ್ರೂ ಜಾಗ ಇದ್ಯಾ?" ಅವನು ಸಿದ್ದುವನ್ನು ಕೇಳಿದ. "ಬೆಳಿಗ್ಗೆ ಯಶವಂತಪುರದಿಂದ ಬಂದಿದ್ದೀವಿ. ಒಂದ್ ಬಸ್ಸಲ್ಲಿ ಪಟ್ಟಿ ಇರ್ಲಿಲ್ಲ. ಇನ್ನೊಂದ್ರಲ್ಲಿ ಯಾರೋ ಅಜ್ಜಿ ಕುರ್ಚಿ ಇತ್ತು."

"ಇದೂ ಬುಕ್ಕಾಗಿದೆ ಬ್ರದರ್. ನಮ್ ಮೇಡಂ ಒಬ್ರು ಬರ್ಬೇಕು, ದಾರೀಲವ್ರೆ. ಮುಂದಿನ ಬಸ್ಸಿಗೆ ನೋಡಣ."

"ಮುಂದಿನ ಬಸ್ಸು, ಮುಂದಿನ ಬಸ್ಸು" ಎಂದಳು ಹುಡುಗಿ. ದನಿ ಚೂಪಾಗಿತ್ತು. "ಬೇಡ ಬಿಡೋ ಉಮೇಶಾ. ಬೋನಲ್ಲಿ ಎಲ್ಲಾದ್ರೂ ಜಾಗ ಇದ್ರೆ ಕೇಳು. ಜನ ಬಂದು ನನ್ನೇ ನೋಡ್ಕೊಂಡ್ ಹೋಗ್ಲಿ."

"ವೇದಾ, ಸುಮ್ನಿರು."

"ಯಾಕ್ ಸುಮ್ನಿರ್ಲಿ? ಕರ್ಕೊಂಡ್ ಬಂದಿದ್ದು ನೀನು ನನ್ನನ್ನಲ್ಲ, ನಾನು ನಿನ್ನನ್ನ. ಬೋರ್ಡ್ ಓದ್ಲಿಲ್ವಾ?"

ಉಮೇಶ ತಂಗಿಯ ಕಡೆ ನೋಡಿ ತಲೆ ಚಚ್ಚಿಕೊಂಡ. ಹಿಂದಿನ ಸೀಟುಗಳಿಂದ ಯಾರೋ ಕಿಸಕ್ಕೆಂದರು. ಆದರೆ ಹುಡುಗಿ ನಗಲಿಲ್ಲ. ಬಿಸಿಲಿಗೆ ಅವಳ ತುಟಿ ಒಣಗಿತ್ತು. ಕೈ ಗಾಲಿಯ ಮೇಲೆ ಬಿಗಿದಿತ್ತು. ಅಷ್ಟು ಮಾತಾಡಿದವಳು ಈಗ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದಳು.

"ಇನ್ನೈದ್ ನಿಮಿಷ ನೋಡ್ತೀನಿ" ಎಂದ ಸಿದ್ದು, ತಲೆ ಕೆರೆದುಕೊಳ್ಳುತ್ತ. "ಎಲ್ಲಿಗ್ ಬಂದ್ರಂತೆ ಕೇಳಿ ಸಾರ್ ಒಂದ್ಸಲ. ಅಕ್ಕೋರಿಗೆ ಫೋನ್ ಮಾಡಿ."

ವೇಣುಗೋಪಾಲ್ ಜೇಬಿನಿಂದ ಫೋನು ತೆಗೆದ. ಅದರ ಮೇಲೆ ಬೆರಳಿಟ್ಟುಕೊಂಡು ಕೂತ. ಒಂದು ಮಾತು ಸಾಕಾಗಿತ್ತು: ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿದ್ದಾರೆ. ಈ ಊರಿನಲ್ಲಿ ಅದನ್ನು ನಂಬದವರಿಲ್ಲ. ಹಾಗೆಂದರೆ ಬಸ್ಸು ಇನ್ನೂ ಸ್ವಲ್ಪ ಕಾಯುತ್ತದೆ, ಈ ಹುಡುಗಿ ಹೊರಗೆ ಬಿಸಿಲಲ್ಲಿ ಇರುತ್ತಾಳೆ, ಮೋನಿಷಾ ಇನ್ನೂ ಸ್ವಲ್ಪ ಹೊತ್ತು ಬರುತ್ತಾ ಇರುತ್ತಾಳೆ.

ಮಗಳು ಸತ್ತಳೆಂದು ಅವನು ಇಲ್ಲಿಯವರೆಗೆ ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಹೇಳಿದ್ದು ಡಾಕ್ಟರು. ನೆಂಟರಿಗೆಲ್ಲ ಫೋನು ಮಾಡಿದ್ದು ನರೇಂದ್ರ. ಬಂದವರೆಲ್ಲ ಗೊತ್ತಿದ್ದೇ ಬಂದರು. ಪಾಪ, ಅವಳಿಗೂ ಮುಕ್ತಿ, ನಿನಗೂ ಮುಕ್ತಿ ಎಂದು ಭುಜ ತಟ್ಟಿ ಹೋದರು.

"ಅವಳು ಬರಲ್ಲ ಸಿದ್ದು" ಎಂದ.

"ಯಾಕ್ ಸಾರ್, ವಾಪಸ್ ಹೋದ್ರಾ?"

"ಇಲ್ಲ. ಯುಗಾದಿ ಆದ್ಮೇಲೆ ತೀರ್ಕೊಂಡ್ಳು." ಫೋನನ್ನು ಜೇಬಿಗೆ ಹಾಕಲು ಹೋದ. ಜೇಬು ಸಿಗಲಿಲ್ಲ. "ಜಾಗ ಇವ್ರಿಗೆ ಕೊಡು."

ಟೋಪಿಯವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸಿದ್ದು ಬಗ್ಗಿ, ಬೇಕಿಲ್ಲದಿದ್ದರೂ ನೆಲದ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿದ. ಇಬ್ಬರು ಗಂಡಸರು ಕೆಳಗಿಳಿದು ವೇದಾಳ ಕುರ್ಚಿಯನ್ನು ಹಾಗೇ ಎತ್ತಿ ಒಳಗಿಟ್ಟರು.

ಗಾಲಿಗಳನ್ನು ಬಿಗಿಯುತ್ತಿರುವಾಗ ವೇದಾ ಅವನತ್ತ ತಿರುಗಿದಳು. ಅಯ್ಯೋ ಪಾಪ ಎನ್ನಲಿಲ್ಲ.

"ಹೆಸರೇನು ಅಂಕಲ್ ಅವರದು?"

"ಮೋನಿಷಾ."

"ಯಾವ್ ಕಡೆ ನೋಡ್ತಿದ್ರು ಅವರು?"

"ಬಲಗಡೆ. ಹುಲಿ ಅಂತ ಎಲ್ಲಾ ಎಡಗಡೆ ಬೀಳ್ತಾರೆ. ಅವಳಿಗೆ ಆನೆ ಬೇಕು. ಕೆರೆ ತಿರುವಲ್ಲಿ, ಬಲಗಡೆ."

"ಉಮೇಶಾ, ನನ್ನನ್ನ ಸ್ವಲ್ಪ ಬಲಕ್ಕೆ ತಿರುಗ್ಸೋ."

ಉಮೇಶ ತಿರುಗಿಸಿದ. ಜೊತೆಗೆ ಬಂದವರ ಸೀಟಿನಿಂದ ವೇಣುಗೋಪಾಲ್ ಎದ್ದ.

"ಕೂತ್ಕೊಳ್ಳಿ ಅಂಕಲ್" ಎಂದ ಉಮೇಶ. "ನಾನ್ ನಿಂತ್ಕೊಳ್ತೀನಿ. ನಮ್ಜೊತೆ ಬಂದಿದ್ದು ಅಂತ ಹೇಳಿದ್ರಾಯ್ತು."

"ಬೇಡಪ್ಪ. ಇದು ನಿನ್ ಸೀಟು. ಅವಳ ಪಕ್ಕ ಇರು, ತಿರುವಲ್ಲಿ ಕುರ್ಚಿ ವಾಲುತ್ತೆ."

ಅವನು ಇಳಿದ. ಬಸ್ಸು ಹೊರಟಿತು. ಕಿಟಕಿಗಳಲ್ಲಿ ಮುಖಗಳು ಇವನತ್ತ ತಿರುಗಿ, ಆಮೇಲೆ ಕಾಡಿನ ಕಡೆ ತಿರುಗಿಕೊಂಡವು.

ಗೇಟಿನ ತನಕ ನಡೆಯುವುದು ಉಳಿದಿತ್ತು. ಬಾಷಾ ಇನ್ನೂ ರಸ್ತೆ ನೋಡುತ್ತ ನಿಂತಿದ್ದ. ಹೆಜ್ಜೆ ಸದ್ದಿಗೆ ತಿರುಗಿ, "ಅಲ್ಲಾ ಸಾರ್, ಬಸ್ಸ್ ಬಿಟ್ಬಿಟ್ನಲ್ಲ ಆ ಸಿದ್ದು ನನ್ಮಗ…" ಎಂದವನು ಇವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ವೇಣುಗೋಪಾಲ್ ಎರಡನೆಯ ಸಲ ಹೇಳಿದ. ಎರಡನೆಯ ಸಲ ಸುಲಭವೇನೂ ಆಗಿರಲಿಲ್ಲ.

ಬಾಷಾ ತನ್ನವರ ಭಾಷೆಯಲ್ಲಿ ತುಟಿಯೊಳಗೇ ಏನೋ ಅಂದುಕೊಂಡು ಅಂಗೈಗಳಿಂದ ಮುಖ ಸವರಿಕೊಂಡ. ಟಿಕೆಟು ಹಿಡಿದವರು ಇಬ್ಬರ ಸುತ್ತ ಹಾದು ಹೋಗುತ್ತಿದ್ದರು.

"ನಾನ್ ಸಲ್ಯೂಟ್ ಹೊಡ್ದೆ ಸಾರ್, ಆ ಗಾಡಿಗೆ" ಎಂದ ಕೊನೆಗೆ.

"ಹೂಂ."

"ಹೇಳ್ಬಾರ್ದಾಗಿತ್ತಾ ಆಗ್ಲೇ?"

"ಬರ್ಲಿಲ್ಲ ಬಾಷಾ ಬಾಯಿಗೆ. ನೀನು ಗೇಟ್ ತೆಗೆದ್ಬಿಟ್ಟೆ."

ಬಾಷಾ ತಲೆಯಾಡಿಸಿದ. ಕುರ್ಚಿಯ ಹಿಡಿಯನ್ನು ಒಮ್ಮೆ ಹಿಡಿದು ಬಿಟ್ಟ. "ಹೋಗಿ ಸಾರ್, ಒಳಗ್ ಹೋಗಿ ಇದ್ದು ಬನ್ನಿ. ನಿಮ್ಮನ್ನ ಇಲ್ಲಿ ಯಾರೂ ಕೇಳಲ್ಲ. ಕೇಳಿದ್ರೆ ನನ್ ಹೆಸರು ಹೇಳಿ."

ವೇಣುಗೋಪಾಲ್ ಸುತ್ತ ನೋಡಿದ. ಇಷ್ಟು ವರ್ಷ ಬಂದು ಹೋದ ಜಾಗ. ಆದರೂ ಅವನಿಗೆ ಒಂದು ಗೊತ್ತಿರಲಿಲ್ಲ.

"ಟಿಕೆಟ್ ಎಲ್ಲಿ ಕೊಡ್ತಾರೆ ಬಾಷಾ?"

ಬಾಷಾ ಅವನನ್ನು ನೋಡಿದ. ಗೋಡೆಯಾಚೆಯ ಉದ್ದನೆಯ ಸಾಲನ್ನು ಕೈಯಲ್ಲಿ ತೋರಿಸಿದ.

ಸಾಲು ನಿಧಾನವಾಗಿ ಸರಿಯಿತು. ಮುಂದಿನವರು ಜಗಳವಾಡುತ್ತ ದೊಡ್ಡವರೆಷ್ಟು, ಮಕ್ಕಳೆಷ್ಟು ಎಂದು ತಮ್ಮವರ ತಲೆ ಎಣಿಸಿಕೊಳ್ಳುತ್ತಿದ್ದರು. ಹಿಂದಿನವರು ಚಿಕ್ಕಮ್ಮ ಎಲ್ಲಿ ಹೋದಳೆಂದು ಕೂಗುತ್ತಿದ್ದರು. ಕಿಂಡಿಯೊಳಗಿನ ಹುಡುಗಿ ತಲೆಯೆತ್ತದೆ ಕೇಳಿದಳು.

"ಎಷ್ಟ್ ಜನ?"

ಆ ಪ್ರಶ್ನೆ ಅವನಿಗೆ ಹೊಸದು.

"ಸಾರ್, ಎಷ್ಟ್ ಜನ?"

"ಒಬ್ನೇ."

ಅವನಿಗೆ ಸಿಕ್ಕಿದ್ದು ಮತ್ತೊಂದು ಬಸ್ಸಿನ ಕೊನೆಯ ಸಾಲು, ಗಾಲಿಯ ಮೇಲೆ ಉಬ್ಬಿಕೊಂಡಿದ್ದ ಸೀಟು. ಮೊಣಕಾಲು ಎದೆಗೆ ತಾಗುತ್ತಿತ್ತು. ಬಲಬದಿಯಲ್ಲಿ ಹೊಸದಾಗಿ ಮದುವೆಯಾದವರಂತೆ ಕಾಣುವ ಜೋಡಿ. ಹುಡುಗಿಯ ಕೈಯಲ್ಲಿ ಇನ್ನೂ ಕೆಂಪಾರದ ಮೆಹೆಂದಿ. ಎರಡು ಕಬ್ಬಿಣದ ಗೇಟು ದಾಟಿ ಬಸ್ಸು ಕಾಡಿಗೆ ಇಳಿಯಿತು. ಎಡಗಡೆ ಹುಲಿ ಎಂದರು, ಎಲ್ಲರೂ ಎಡಕ್ಕೆ ಬಿದ್ದರು. ಅವನು ಕೂತೇ ಇದ್ದ.

ಕೆರೆಯ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಆನೆ, ಆನೆ ಎಂಬ ಪಿಸುಮಾತು ಮುಂದಿನಿಂದ ಹಿಂದಕ್ಕೆ ಬಂತು. ವೇಣುಗೋಪಾಲನ ಕತ್ತು ಅಭ್ಯಾಸದಂತೆ ಪಕ್ಕಕ್ಕೆ ತಿರುಗಿತು, ಮುಖ ನೋಡಲು. ಆ ಹುಡುಗಿ ಬೆಚ್ಚಿ ಗಂಡನ ಕಡೆಗೆ ಸರಿದಳು.

"ಸಾರ್, ಸ್ವಲ್ಪ ಹಿಂದಕ್ಕೆ ಒರಗ್ತೀರಾ?" ಎಂದ ಅವಳ ಗಂಡ. "ಫೋಟೋಗೆ ಅಡ್ಡ ಬರ್ತಿದ್ದೀರಾ."

ಅವನು ಒರಗಿದ. ಆಗ ಅವನಿಗೆ ಹೊಳೆಯಿತು. ಇಷ್ಟು ಸಲ ಈ ದಾರಿಯಲ್ಲಿ ಬಂದರೂ ಅವನು ಕಿಟಕಿಯ ಹೊರಗೆ ನೋಡಿರಲೇ ಇಲ್ಲ. ಆನೆ ಬಂದರೆ ಅವಳ ಕಣ್ಣು ಅಗಲವಾಗುತ್ತಿತ್ತು, ಮರಿ ಇದ್ದರೆ ದನಿ ಬರುತ್ತಿತ್ತು, ಅದು ನೀರಿಗೆ ಇಳಿದರೆ ಕುರ್ಚಿ ಅಲುಗುತ್ತಿತ್ತು. ಕಾಡಿನಲ್ಲಿ ಇದ್ದದ್ದನ್ನೆಲ್ಲ ಅವನು ಆ ಮುಖದಲ್ಲೇ ನೋಡಿ, ನೋಡಿದೆನೆಂದುಕೊಂಡು ಮನೆಗೆ ಹೋಗಿದ್ದ.

ಜೋಡಿಯ ತಲೆಗಳ ನಡುವೆ ಒಂದು ಗೇಣು ಜಾಗವಿತ್ತು. ಅಲ್ಲಿಂದ ಕಂಡಿತು. ಒಣಗಿದ ಕೆಸರು ಮೆತ್ತಿದ ಬೂದು ಮೈ, ಹರಿದ ಕಿವಿಯಂಚು. ಸುತ್ತ ಬೇರೆ ಆನೆ ಇರಲಿಲ್ಲ. ಅದು ಒಂದು ಹಿಡಿ ಹುಲ್ಲು ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಕೊಡವಿ, ಅವಸರವಿಲ್ಲದೆ ಬಾಯಿಗಿಟ್ಟುಕೊಂಡಿತು. ಮತ್ತೊಂದು ಹಿಡಿ ಕಿತ್ತಿತು. ಬಸ್ಸನ್ನು ತಿರುಗಿಯೂ ನೋಡಲಿಲ್ಲ. ಅಷ್ಟು ದೊಡ್ಡ ತಲೆಗೆ ಅದರ ಕಣ್ಣು ಅಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ.